ಐದು ಬಾಲದ ಪೆಟ್ಟಿಗೆ

ಕಪನೂರಿನಲ್ಲಿ ಟ್ರಾನ್ಸ್‌ಫಾರ್ಮರು, ಸ್ಟಾರ್ಟರು ಮಾಡುವ ಒಂದು ತಗಡಿನ ಶೆಡ್ಡಿನಲ್ಲಿ ಕೂಡುವುದಕ್ಕೆ ಎರಡು ಜಾಗಗಳಿದ್ದವು. ಕಿಟಕಿಯ ಪಕ್ಕ ಒಂದು ಉದ್ದನೆಯ ಮೇಜು, ಅದರ ಮೇಲೆ ಮೀಟರು, ಸೋಲ್ಡರಿಂಗ್ ಐರನ್ನು, ಅಂಟಿನ ಬಾಟಲಿ. ಅಲ್ಲಿ ಕೂಡುವವನು ಫಿಟ್ಟರ್. ಬಾಗಿಲ ಬಳಿ ನೆಲದ ಮೇಲೆ ಗೋಣಿತಟ್ಟು. ಅಲ್ಲಿ ಕೂತು, ಕೈಯಿಂದ ಮಷಿನ್ ತಿರುವಿ ತಾಮ್ರದ ತಂತಿ ಸುತ್ತುವವರು ಹೆಂಗಸರು. ಟ್ರಾನ್ಸ್‌ಫಾರ್ಮರಿನ ಜೀವವೆಲ್ಲ ಇರುವುದು ಆ ಸುತ್ತಿನಲ್ಲಿ. ಆದರೆ ಮಾಲು ಹೊರಗೆ ಹೋಗುವಾಗ ಒಳಗೆ ಅಂಟಿಸುವ ಚೀಟಿಯ ಮೇಲೆ ಬರುತ್ತಿದ್ದ ಹೆಸರು ಮೇಜಿನವನದು. ಚಂದಮ್ಮ ಹನ್ನೊಂದು ವರ್ಷ ಗೋಣಿತಟ್ಟಿನ ಮೇಲೆ ಕೂತಿದ್ದಳು. ಆಕೆಗೆ ಆ ಮೇಜು ಬೇಕಿತ್ತು.

ಬೇಕಾದ್ದನ್ನು ಬೇಕು ಅನ್ನುವುದಕ್ಕೆ ಆಕೆ ನಾಚುವವಳಲ್ಲ. ಕಮಲಾಪುರದಿಂದ ಮುಂಜಾನೆ ಬಸ್ಸಿನಲ್ಲಿ ಬಾಳೆಗೊನೆಯ ಬುಟ್ಟಿಗಳ ನಡುವೆ ಮೊಣಕೈಯಿಂದ ಜಾಗ ಮಾಡಿಕೊಂಡು ಬರುವ ಹೆಣ್ಣು. ಫಿಟ್ಟರ್ ಕಾಶಿರಾಯ ಬುತ್ತಿ ಬಿಚ್ಚುವ ಹೊತ್ತಿನಲ್ಲಿ ಅವನ ಮೇಜಿನ ಮೇಲಿನ ಸತ್ತ ರೇಡಿಯೊಗಳನ್ನು ಬಿಚ್ಚಿ ಸೋಲ್ಡರ್ ಹಿಡಿಯುವುದನ್ನು ಕಲಿತಿದ್ದಳು. ಕಾಶಿರಾಯ ಬೇಡ ಅನ್ನಲಿಲ್ಲ. ರೊಟ್ಟಿ ಮುರಿಯುತ್ತ, “ಮೂಗು ಸುಟ್ಕೋಬ್ಯಾಡವ್ವಾ, ಆಮ್ಯಾಲೆ ನಿಮ್ಮತ್ತಿ ನನ್ ಮೂಗು ಕೊಯ್ತಾಳ” ಅನ್ನುತ್ತಿದ್ದ. ಫಿಟ್ಟರನಾದರೂ ಮನುಷ್ಯ ಒಳ್ಳೆಯವನು.

ಅವಳ ಸುತ್ತಿನ ಲೆಕ್ಕದ ರೀತಿಯೇ ಬೇರೆ. ಮಷಿನ್ನಿಗೆ ಅಂಕಿ ತೋರಿಸುವ ಗಾಲಿ ಇತ್ತು. ಅದರ ಹತ್ತರ ಹಲ್ಲು ಸವೆದು, ಮನಸ್ಸು ಬಂದಾಗ ತಿರುಗಿ ಬಾರದಾಗ ನಿಲ್ಲುತ್ತಿತ್ತು. ಮಾಲಕ ದೇವೀಂದ್ರಪ್ಪ ಹೊಸದು ತರುತ್ತೇನೆ ಅಂದು ಮೂರು ದೀಪಾವಳಿ ಕಳೆದಿದ್ದ. ಚಂದಮ್ಮ ಗಾಲಿಯ ಮುಖ ನೋಡುವುದನ್ನೇ ಬಿಟ್ಟಳು. ಅವ್ವನ ಜೊತೆ ಬೀಸುಕಲ್ಲಿಗೆ ಕೂತು ಕಲಿತ ಹಾಡುಗಳಿದ್ದವಲ್ಲ, ಅವನ್ನೇ ಬಾಯೊಳಗೆ ಗುನುಗುತ್ತ ತಿರುವುತ್ತಿದ್ದಳು. ಒಂದು ನುಡಿಗೆ ಹದಿನಾರು ಸುತ್ತು. ನುಡಿ ಮುಗಿದರೆ ಒಂದು ಹುಣಸೆ ಬೀಜ ಎಡಕ್ಕೆ. ನಡುವೆ ಯಾರಾದರೂ ಕರೆದರೆ ತಲೆ ಎತ್ತದೆ, “ನುಡಿ ಮುಗೀಲಿ, ತಡೀರಿ” ಅನ್ನುವಳು. ದೇವೀಂದ್ರಪ್ಪನಿಗೂ ಅದೇ ಉತ್ತರ. ಅವಳ ಸುರುಳಿ ಸುಟ್ಟು ವಾಪಸು ಬಂದದ್ದು ಯಾರಿಗೂ ನೆನಪಿಲ್ಲ.

ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ತೊಂಬತ್ತೆರಡರಲ್ಲಿ ಈ ಶೆಡ್ಡಿನಿಂದ ನಂದೂರ ಕಡೆಯ ಒಂದು ದಾಲ್ ಮಿಲ್ಲಿಗೆ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯೊಂದು ಹೋಗಿತ್ತು. ಅದರ ತಗಡಿನ ಮೈಯನ್ನು ಅರ್ಥಿಂಗಿಗೆ ಕಟ್ಟಿರಲಿಲ್ಲ. ಮೂಟೆ ಹೊರುವ ಹಮಾಲನೊಬ್ಬ ಬೆವರಿದ ಕೈ ಇಟ್ಟ. ಜೀವ ಉಳಿಯಿತು, ಬಲಗೈಯ ಮೂರು ಬೆರಳು ಮಡಚಿದವು ಬಿಚ್ಚಲಿಲ್ಲ. ಸುದ್ದಿ ಬಂದ ಮರುದಿನ ಚಂದಮ್ಮ ಮತ್ತು ಆರು ಜನ ಹೆಂಗಸರು ಮಷಿನ್ ಬಿಟ್ಟು ಗೇಟಿನ ಮುಂದೆ ಕೂತರು. ಮೈಯನ್ನೂ ಒಳಗಿನ ಬರಿ ತುದಿಗಳನ್ನೂ ಅರ್ಥಿಗೆ ಕಟ್ಟದೆ ಒಂದು ಪೆಟ್ಟಿಗೆಯೂ ಈ ಗೇಟು ದಾಟಬಾರದು, ಅಷ್ಟೇ ಬೇಡಿಕೆ. ದೇವೀಂದ್ರಪ್ಪ ಮೊದಲ ದಿನ ಬೈದ, ಎರಡನೆಯ ದಿನ ಬರಲಿಲ್ಲ, ಮೂರನೆಯ ದಿನ ಚಹಾದ ಕಿಟ್ಲಿ ಹಿಡಿದು ಬಂದು ಒಪ್ಪಿಕೊಂಡ. ಅಂದಿನಿಂದ ಶೆಡ್ಡಿನ ಕಾಯ್ದೆ ಅದು. ಬರಿ ತುದಿ ಕಂಡರೆ ಒಂದು ದಪ್ಪ ತಾಮ್ರದ ತಂತಿಗೆ ಕಟ್ಟು, ಆ ತಂತಿಯನ್ನು ಮೈಗೆ ಕಟ್ಟು, ಮೈಯನ್ನು ಅರ್ಥಿಗೆ ಬಿಡು. ಚಂದಮ್ಮನ ಕೈ ಚಂದಮ್ಮನನ್ನೇ ಕೇಳದೆ ಆ ಗಂಟು ಹಾಕುತ್ತಿತ್ತು.

ತೊಂಬತ್ತಾರರ ಬೇಸಿಗೆಯಲ್ಲಿ ಮಕ್ಸೂದ್ ಬಂದ. ಊರ ಆರ್ಕೆಸ್ಟ್ರಾ ಒಂದರಲ್ಲಿ ಗಿಟಾರ್ ಬಾರಿಸುವವನು. ಲೂನಾದ ಹಿಂದೆ ಹಗ್ಗದಿಂದ ಬಿಗಿದ ಒಂದು ಸೂಟ್‌ಕೇಸು. ದೇವೀಂದ್ರಪ್ಪನೇ ಕರೆಸಿದ್ದ. ದೇವೀಂದ್ರಪ್ಪನ ಅಣ್ಣನ ಮಗಳ ಮದುವೆ ಕಮಲಾಪುರದಲ್ಲಿ ನಿಶ್ಚಯವಾಗಿತ್ತು, ಸಂಜೆಗೆ ಇದೇ ಆರ್ಕೆಸ್ಟ್ರಾ. ಹಿಂದಿನ ವರ್ಷ ಅವನ ಮನೆಯ ಕಾರ್ಯಕ್ರಮದಲ್ಲಿ ಹಾಡಿಗಿಂತ ಹೆಚ್ಚು ಕೇಳಿಸಿದ್ದು ಗಿಟಾರಿನ ಗುಂಯ್ ಸದ್ದು. ಈ ಸಲ ಹಾಗಾದರೆ ಗಿಟಾರೇ ಬೇಡ, ಕೀಬೋರ್ಡಿನಲ್ಲಿ ಮುಗಿಸಿ ಎಂದು ಆರ್ಕೆಸ್ಟ್ರಾದ ಯಜಮಾನರಿಗೆ ಹೇಳಿಬಿಟ್ಟಿದ್ದ.

ಮಕ್ಸೂದ್ ಮೇಜಿನ ಮೇಲೆ ಸೂಟ್‌ಕೇಸ್ ಬಿಚ್ಚಿದ. ಒಳಗೆ ಅಂಗೈ ಅಗಲದ ಐದು ಕಬ್ಬಿಣದ ಡಬ್ಬಿಗಳು, ಒಂದೊಂದಕ್ಕೆ ಒಂದೊಂದು ಬಣ್ಣ. ಹೆಂಗಸರೆಲ್ಲ ಎದ್ದು ಬಂದು ಸುತ್ತ ನಿಂತರು.

“ಇವು ಪೆಡಲ್ ರೀ. ಕಾಲಿಂದ ಒತ್ತೋದು” ಅಂದ. “ಈ ಹಸರದು ಒತ್ತಿದ್ರ ದನಿ ಬಾವಿಯೊಳಗಿಂದ ಬಂದಂಗ ಬರ್ತದ. ಈ ನೀಲಿದು ಒತ್ತಿದ್ರ ನೀರ ಮ್ಯಾಲ ತೇಲ್ತದ. ಇದು ನಮ್ಮ ಉಸ್ತಾದರದು.” ಬಣ್ಣ ಪೂರ್ತಿ ಹೋಗಿದ್ದ ಹಳೆಯ ಡಬ್ಬಿಯನ್ನು ಬೇರೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ. “ಇದನ್ನ ಒತ್ತಿದ್ರ ದನಿ ಹರೀತದ. ಹರಕ್ ಅರಿವಿ ಹರ್ದಂಗ.”

“ಚಲೋ ದನಿ ಹರಿಯೋದಕ್ಕ ಒಂದು ಡಬ್ಬಿ ಬ್ಯಾರೆ ಬೇಕೇನು? ನಮ್ಮತ್ತೀನ ಕಳಸ್ತೀನಿ ತಗೋ” ಅಂದಳು ಚಂದಮ್ಮ.

ಎಲ್ಲರೂ ನಕ್ಕರು. ಮಕ್ಸೂದನೂ ನಕ್ಕ. ಆಮೇಲೆ ತನ್ನ ಸಂಕಟ ಹೇಳಿದ. ಒಂದೊಂದು ಡಬ್ಬಿಗೂ ಒಂಬತ್ತು ವೋಲ್ಟಿನ ಚೌಕನೆಯ ಸೆಲ್ಲು ಬೇಕು. ಹಾಡಿನ ನಡುವೆಯೇ ಯಾವುದಾದರೊಂದು ಸಾಯುತ್ತದೆ. ಸೆಲ್ಲು ಬೇಡವೆಂದು ಗೋಡೆಯ ಕರೆಂಟನ್ನು ಒಂಬತ್ತು ವೋಲ್ಟಿಗೆ ಇಳಿಸುವ ಒಂದು ಎಲಿಮಿನೇಟರ್ ಅಂಗಡಿಯಿಂದ ತಂದು, ಒಂದೇ ವೈರಿಗೆ ಐದು ಕವಲು ಹಾಕಿ ಐದಕ್ಕೂ ಕರೆಂಟ್ ಕೊಟ್ಟ. ಗುಂಯ್ ಶುರುವಾದದ್ದು ಅಲ್ಲಿಂದ. ಉಸ್ತಾದರ ಡಬ್ಬಿಯಂತೂ ಬಾಯಿಯೇ ಬಿಡುವುದಿಲ್ಲ.

“ಸೆಲ್ ಹಾಕಿದ್ರ ಗುಂಯ್ ಅನ್ನಲ್ಲ?” ಚಂದಮ್ಮ ಕೇಳಿದಳು.

“ಇಲ್ಲಕ್ಕಾ. ಸೆಲ್ ಹಾಕಿದ್ರ ಐದೂ ಬಂಗಾರದಂಥ ಮಕ್ಕಳು. ಒಂದ ಎಲಿಮಿನೇಟರಿಗಿ ಕಟ್ಟಿದ್ರ ಸೈತಾನ್ ಹೊಕ್ಕಂಗ ಮಾಡ್ತಾವ.”

ಚಂದಮ್ಮ ಡಬ್ಬಿಗಳನ್ನು ನೋಡುತ್ತ ನಿಂತಳು. ಆಮೇಲೆ ಕಾಶಿರಾಯನ ಕಡೆ ತಿರುಗಿ, “ಅಣ್ಣಾ, ಸೆಲ್ ಅಂದ್ರ ಐದು ಬ್ಯಾರೆ ಬ್ಯಾರೆ ಅವ. ಒಂದರ ಸುದ್ದಿ ಇನ್ನೊಂದಕ್ಕ ಗೊತ್ತಿಲ್ಲ. ಹಂಗಿದ್ರ ಒಂದ ಕಬ್ಬಿಣದ ಕೋರಿನ ಮ್ಯಾಲ ನಾ ಐದು ಬ್ಯಾರೆ ಸುತ್ತು ಹಾಕ್ತೀನಿ. ಗೋಡಿಗಿ ಪ್ಲಗ್ ಒಂದ. ಹೊರಗ ಐದು ಸೆಲ್ ಇದ್ದಂಗ” ಅಂದಳು.

“ಒಂಬತ್ತು ವೋಲ್ಟಿಗಿ ಐದು ಸುತ್ತು ಯಾಕಬೇ? ತಾಮ್ರ ನಿಮ್ಮ ಹೊಲದಾಗ ಬೆಳೀತದೇನು?” ಕಾಶಿರಾಯ ನಕ್ಕ.

ದೇವೀಂದ್ರಪ್ಪ ನಗಲಿಲ್ಲ. ಮೇಜಿನ ವಿಷಯ ಕೇಳಿ ಕೇಳಿ ಅವನ ಕಿವಿ ತೂತಾಗಿತ್ತು. “ಆಯ್ತು. ಸುತ್ತೋದು, ಕೂಡ್ಸೋದು, ಎಲ್ಲಾ ನೀನ ಮಾಡು. ಮದಿವ್ಯಾಗ ಸಾಫ್ ದನಿ ಬಂತು ಅಂದ್ರ ಮೇಜಿನ ಅರ್ಧ ನಿಂದು. ಗುಂಯ್ ಅಂತೋ, ಮತ್ತ ಆ ಮಾತು ನೀ ತೆಗೀಬಾರ್ದು, ನಾ ಕೇಳಬಾರ್ದು.”

“ಚೀಟಿ ಮ್ಯಾಲ ಹೆಸರು?”

“ಅರ್ಧ ಮೇಜಂದ್ರ ಅದೂ ಬಂತಲ್ಲವಾ!”

ಹದಿನೈದು ದಿನ ಹಿಡಿಯಿತು. ಐದು ಸುತ್ತಿಗೆ ಐದು ಗುಂಪು ಹುಣಸೆ ಬೀಜ. ಪ್ರತಿ ಸುತ್ತಿಗೂ ಅದರದೇ ಡಯೋಡು, ಅದರದೇ ಕೆಪಾಸಿಟರು, ಒಂಬತ್ತು ವೋಲ್ಟಿನ ಮೇಲೆ ಹೋಗದಂತೆ ಹಿಡಿಯುವ ಅದರದೇ ರೆಗ್ಯುಲೇಟರು. ತಗಡಿನ ಪೆಟ್ಟಿಗೆಯಿಂದ ಐದು ವೈರುಗಳು ಐದು ಬಾಲದ ಹಾಗೆ ಹೊರಬಂದವು. ಉಸ್ತಾದರ ಹಳೆಯ ಡಬ್ಬಿ ಪ್ಲಸ್ಸು ಮೈನಸ್ಸನ್ನು ಮಿಕ್ಕವಕ್ಕಿಂತ ಉಲ್ಟಾ ಕೇಳುವಂಥದ್ದು. ಮಕ್ಸೂದ್ ಅದನ್ನು ನಾಲ್ಕು ಸಲ ಹೇಳಿ ಹೋಗಿದ್ದ. ಆ ಒಂದು ಬಾಲದ ಪಿನ್ನನ್ನು ತಿರುಗಿಸಿಯೇ ಹಾಕಿದಳು. ಎಲ್ಲ ಮುಗಿದು ತಳ ಮುಚ್ಚುವ ಮೊದಲು ಆಕೆಯ ಕೈ ತನ್ನ ಕೆಲಸ ಮಾಡಿತು. ಐದೂ ಸುತ್ತಿನ ಮೈನಸ್ ತುದಿಗಳನ್ನು ಒಂದು ದಪ್ಪ ತಾಮ್ರದ ತಂತಿಗೆ ಬೆಸೆದು, ತಂತಿಯನ್ನು ತಗಡಿನ ಮೈಗೆ ಕಟ್ಟಿದಳು. ಕಾಯ್ದೆ ಎಂದರೆ ಕಾಯ್ದೆ.

ಕಾಶಿರಾಯ ಒಂದೊಂದೇ ಬಾಲಕ್ಕೆ ಮೀಟರ್ ಹಚ್ಚಿದ. ಒಂಬತ್ತು, ಒಂಬತ್ತು, ಒಂಬತ್ತು, ಒಂಬತ್ತು, ಉಲ್ಟಾ ಒಂಬತ್ತು. “ಫಸ್ಟ್ ಕ್ಲಾಸ್” ಅಂದ. ಚೀಟಿ ಅಂಟಿಸಿ ಪೆನ್ನು ತೆಗೆದ. “ಯಾರ ಹೆಸರು ಬರೀಲಿ?”

“ಖಾಲಿ ಬಿಡಣ್ಣಾ. ಮದಿವಿ ಆಗ್ಲಿ.”

ಮಕ್ಸೂದ್ ಆ ವಾರವೆಲ್ಲ ಆರ್ಕೆಸ್ಟ್ರಾದ ಜೊತೆ ರಾಯಚೂರು ಕಡೆ ಸುತ್ತುತ್ತಿದ್ದ. ಡಬ್ಬಿಗಳೂ ಅವನ ಜೊತೆಗೇ ಇದ್ದವು. ಐದನ್ನೂ ಒಟ್ಟಿಗೆ ಹಚ್ಚಿ ನೋಡುವ ಕೆಲಸ ಕಮಲಾಪುರದ ಮಂಟಪಕ್ಕೇ ಉಳಿಯಿತು.

ಮದುವೆಯ ದಿನ ನಾಲ್ಕು ಗಂಟೆಯ ಬಿಸಿಲು. ಕಾರ್ಯಕ್ರಮ ಆರಕ್ಕೆ. ಆದರೆ ಚಂದಮ್ಮನ ಅತ್ತೆ ಗುಂಡಮ್ಮ ಮೂರಕ್ಕೇ ಬಂದು ಮುಂದಿನ ಸಾಲಿನ ಕುರ್ಚಿ ಹಿಡಿದು ಎಲೆಅಡಿಕೆಯ ಸಂಚಿ ಬಿಚ್ಚಿದ್ದಳು. ಸೊಸೆ ಮಾಡಿದ ಪೆಟ್ಟಿಗೆ ನೋಡುವುದಕ್ಕೆ ಬಂದದ್ದಲ್ಲವಂತೆ, ಹಾಡು ಕೇಳುವುದಕ್ಕಂತೆ. ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಹೇಳಿದ್ದು ಮಾತ್ರ ಪೆಟ್ಟಿಗೆಯ ಸುದ್ದಿಯನ್ನೇ.

ಮಕ್ಸೂದ್ ವೇದಿಕೆಯ ಮೇಲೆ ಡಬ್ಬಿಗಳನ್ನು ಸಾಲಾಗಿಟ್ಟು, ಐದು ಬಾಲ ಚುಚ್ಚಿ, ಗುಂಡಿ ಒತ್ತಿದ.

ಗುಂಯ್‌ಯ್‌ಯ್.

ಹಿಂದಿನ ವರ್ಷದ್ದೇ ಸದ್ದು. ತಂತಿ ಮೀಟಿದರೆ ಗುಂಯ್ ಒಳಗಿಂದ ಗಿಟಾರು ಕೆಮ್ಮಿದ ಹಾಗೆ ಕೇಳುತ್ತಿತ್ತು. ಉಸ್ತಾದರ ಡಬ್ಬಿ ಒತ್ತಿದ. ಏನೂ ಇಲ್ಲ. ಮೂಕ. ಪೆಟ್ಟಿಗೆಯ ಆ ಮೂಲೆ ಮುಟ್ಟಿದರೆ ಕೈ ಬಿಸಿಯಾಯಿತು.

ಹೊಸ ಧೋತರ ಉಟ್ಟು ಬೀಗರ ಹಿಂದೆ ಓಡಾಡುತ್ತಿದ್ದ ದೇವೀಂದ್ರಪ್ಪ ಅಲ್ಲಿಯೇ ನಿಂತು ತಿರುಗಿ ನೋಡಿದ. ಆ ನೋಟ ಸಾಕಿತ್ತು. ಆರ್ಕೆಸ್ಟ್ರಾದ ಯಜಮಾನರು ಕೀಬೋರ್ಡಿನವನಿಗೆ ಕೈಸನ್ನೆ ಮಾಡಿದರು.

ಚಂದಮ್ಮನ ಹನ್ನೊಂದು ವರ್ಷ, ಅದರ ಮೇಲೆ ಹದಿನೈದು ದಿನ.

ಕಾಶಿರಾಯ ಆಕೆಯನ್ನು ವೇದಿಕೆಯ ಹಿಂದಕ್ಕೆ ಕರೆದ. “ಚಂದಮ್ಮಾ, ಹೇಳೋದು ಕೇಳು. ಆ ಹಳೇ ಡಬ್ಬಿ ಸತ್ತದ, ಗುಂಯ್ ಅನ್ನೋದು ಅದರ ದೆಸಿಂದ ಅಂತ ಹೇಳು. ಮೀಟರ್ ಹಚ್ಚಿದಾಂವ ನಾನು, ಸಾಕ್ಷಿ ನಾನ ಹೇಳ್ತೀನಿ. ಅದನ್ನ ತೆಗದು ಒಂದೋ ಎರಡೋ ಡಬ್ಬಿ ಇಟ್ಟು ಬಾರಸ್ಲಿ. ಸದ್ದು ಕಮ್ಮಿ ಆಗ್ತದ. ನಿನ್ನ ಮೇಜು ಉಳೀತದ.”

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಹೇಳಿದ್ದರೆ ನಡೆಯುತ್ತಲೂ ಇತ್ತು, ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಚಂದಮ್ಮ ವೇದಿಕೆಯ ಕಡೆ ತಿರುಗಿದಳು. ಮಕ್ಸೂದ್ ಉಸ್ತಾದರ ಡಬ್ಬಿಯನ್ನು ಆಗಲೇ ಬಟ್ಟೆಯಲ್ಲಿ ಸುತ್ತುತ್ತಿದ್ದುದು ಆಕೆಗೆ ಕಾಣಿಸಿತು.

“ಸೆಲ್ ಹಾಕಿದ್ರ ಅದು ಮಾತಾಡ್ತದಣ್ಣಾ. ಸತ್ತದ್ದು ಹೆಂಗ ಆಗ್ತದ? ತಪ್ಪು ನನ್ನ ಪೆಟ್ಟಿಗ್ಯಾಗ ಅದ” ಅಂದವಳು ವೇದಿಕೆ ಹತ್ತಿದಳು. “ಭಾಯಿ, ಎಲ್ಲಾ ಕೀಳು. ಒಂದ ಬಾಲ ಹಚ್ಚು. ಉಳಿದ ಡಬ್ಬಿ ಬಾಜೂಕ ಇಡು.”

ಹಸಿರು ಡಬ್ಬಿಯೊಂದನ್ನೇ ಹಚ್ಚಿದ. ಶುದ್ಧ ದನಿ. ನೊಣದ ಸದ್ದೂ ಇಲ್ಲ. ನೀಲಿಯದನ್ನು ಜೊತೆಗೆ ಹಚ್ಚಿದ ಕೂಡಲೇ ಸಣ್ಣಗೆ ಗುಂಯ್. ಮೂರನೆಯದಕ್ಕೆ ಇನ್ನೂ ಜೋರು. ಎಲ್ಲ ಕಿತ್ತು ಉಸ್ತಾದರ ಡಬ್ಬಿಯೊಂದನ್ನೇ ಹಚ್ಚಿದ. ಅದೂ ಮಾತಾಡಿತು! ಪಕ್ಕದಲ್ಲಿ ಇನ್ನೊಂದು ಸೇರಿದೊಡನೆ ಬಾಯಿ ಮುಚ್ಚಿತು.

“ಒಂದೊಂದೇ ಇದ್ರ ಚಲೋ ಇರ್ತಾವ. ಕೂಡಿದ್ರ ಜಗಳ” ಅಂದಳು ಚಂದಮ್ಮ, ಯಾರಿಗೂ ಅಲ್ಲ.

ಮುಂದಿನ ಸಾಲಿನಿಂದ ಗುಂಡಮ್ಮನ ದನಿ ಬಂತು. “ಅದರಾಗೇನ್ ಹೊಸಾದು? ನಾವು ನಾಕು ಮಂದಿ ನೆಗೆಣ್ಣೇರು ಒಂದ ಒಲಿ ಮುಂದ ಇದ್ದಾಗ ದಿನಾ ಗುಂಯ್ ಅಂತಿದ್ವಿ. ನಮ್ಮ ಮಾವ ಒಲಿ ಬ್ಯಾರೆ ಮಾಡಿದ. ಮರುದಿನಾನೇ ಒಬ್ಬರ ಮನಿಗಿ ಒಬ್ಬರು ಪಲ್ಯ ಕಳಸ್ಲಾಕ ಸುರು ಮಾಡಿದ್ವಿ.”

“ನಾನೂ ಒಲಿ ಬ್ಯಾರೆ ಮಾಡೀನಲ್ಲ ಅತ್ತೀ. ಐದಕ್ಕ ಐದು ಸುತ್ತು...” ಅಂದು ನಿಂತಳು.

ಒಲೆ ಬೇರೆ ಮಾಡಿದ್ದು ನಿಜ. ಆಮೇಲೆ ಐದೂ ಒಲೆಯನ್ನು ಒಂದು ದಪ್ಪ ತಾಮ್ರದ ತಂತಿಯಿಂದ ಕಟ್ಟಿದ್ದು ಯಾರು?

ಪ್ಲಗ್ ಕಿತ್ತಳು. ಮಕ್ಸೂದನ ಸ್ಕ್ರೂಡ್ರೈವರ್ ತೆಗೆದುಕೊಂಡು ಪೆಟ್ಟಿಗೆ ಬೋರಲು ಹಾಕಿ ತಳ ಬಿಚ್ಚಿದಳು. ಅಲ್ಲಿಯೇ ಇತ್ತು. ನೀಟಾಗಿ, ಹೊಳೆಯುತ್ತ, ತನ್ನ ಕೈಯಿಂದಲೇ ಹಾಕಿದ ಗಂಟು. ಡಬ್ಬಿಗಳು ಗಿಟಾರಿನ ವೈರಿನಲ್ಲಿ ಹೊರಗೆ ಹೇಗೂ ಒಂದಕ್ಕೊಂದು ಕೂಡಿದ್ದವು. ಈ ತಂತಿ ಒಳಗೂ ಕೂಡಿಸಿತ್ತು. ಎರಡು ದಾರಿಯಾಗಿ, ಕರೆಂಟಿನ ಸದ್ದು ಅದರಲ್ಲಿ ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. ಉಲ್ಟಾ ಕೇಳುವ ಉಸ್ತಾದರ ಡಬ್ಬಿಗಂತೂ ಪ್ಲಸ್ಸು ಮೈನಸ್ಸೆರಡೂ ನೇರ ತಗುಲಿ ಗಂಟಲೇ ಹಿಸುಕಿದಂತಾಗಿತ್ತು.

“ಕಟಿಂಗ್ ಪ್ಲೇಯರ್ ಅದ ಏನಣ್ಣಾ?”

“ಮದಿವಿಗಿ ಬರೋ ಮುಂದ ಕಟಿಂಗ್ ಪ್ಲೇಯರ್ ಯಾರ್ ತರ್ತಾರಬೇ?” ಅಂದ ಕಾಶಿರಾಯ.

ಚಂದಮ್ಮನ ಕಣ್ಣು ಮುಂದಿನ ಸಾಲಿಗೆ ಹೋಯಿತು. ಗುಂಡಮ್ಮ ಕೂಡಲೇ ಸಂಚಿ ಮುಚ್ಚಿ ಎದೆಗವಚಿಕೊಂಡಳು. “ಆಗಂಗಿಲ್ಲ! ನನ್ನ ತವರ್ಮನಿ ಅಡಕೊತ್ತದು. ಅಡಕಿ ಬಿಟ್ಟು ಇನ್ನೊಂದಕ್ಕ ಹಚ್ಚಿದ್ರ ಹಲ್ಲು ಬೀಳ್ತದ.”

“ಅತ್ತೀ, ಆರಕ್ಕ ಹಾಡು ಕೇಳಬೇಕೋ ಬ್ಯಾಡೋ?”

ಗುಂಡಮ್ಮ ಸೊಸೆಯನ್ನು, ಸೊಸೆಯ ಏಳು ತಲೆಮಾರನ್ನು ಬೈಯುತ್ತ ಅಡಕೊತ್ತು ತೆಗೆದುಕೊಟ್ಟಳು.

ಚಂದಮ್ಮ ಅದರ ಬಾಯಿಯನ್ನು ತಾಮ್ರಕ್ಕೆ ಇಡುವಷ್ಟರಲ್ಲಿ ಮೇಲೆ ನೆರಳು ಬಿತ್ತು. ದೇವೀಂದ್ರಪ್ಪ. ಹಿಂದೆ ಬೀಗರ ಕಡೆಯ ನಾಲ್ಕು ಜನ.

“ಏನ್ ಕತ್ತರಿಸ್ಲಾಕತ್ತೀ?”

“ಅರ್ಥಿನ ತಂತಿ ರೀ, ಸಾವ್ಕಾರ್ರ.”

“ಯಾವುದು? ಮೂರು ದಿನ ನನ್ನ ಗೇಟಿನ ಮುಂದ ಕುಂತು ಕಾಯ್ದೆ ಮಾಡ್ಸಿದಿ, ಅದಾ? ಹಂಗಾದ್ರ ಆ ಕಾಯ್ದೆ ಸುಳ್ಳಾ?”

ನಾಲ್ಕು ವರ್ಷದಿಂದ ಅವನ ಎದೆಯಲ್ಲಿ ಮುಳ್ಳಾಗಿದ್ದ ಮಾತು ಅದು. ಬೀಗರ ಮುಂದೆ ಹೊರಗೆ ಬಂತು. ಚಂದಮ್ಮ ಕೂತಲ್ಲಿಂದಲೇ ತಲೆ ಎತ್ತಿದಳು.

“ಕಾಯ್ದೆ ಖರೇನ ಅದ್ರಿ. ಪೆಟ್ಟಿಗಿ ಮೈ ಅರ್ಥಿನ್ಯಾಗ ಇರ್ತದ, ಅದನ್ನ ನಾ ಮುಟ್ಟಂಗಿಲ್ಲ. ಆ ಹಮಾಲನ ಬೆರಳು ನಾ ಮರ್ತಿಲ್ಲ, ನೀವೂ ಮರೀಬ್ಯಾಡ್ರಿ. ಆದ್ರ ಒಳಗಿನ ಈ ಐದು ತುದಿ ಕಟ್ಟಬಾರ್ದಿತ್ತು, ಕಟ್ಟೀನಿ. ರೂಢಿ ಬಿದ್ದು ಕಟ್ಟೀನಿ, ವಿಚಾರ ಮಾಡದೆ. ತಪ್ಪು ನಂದು.”

ದೇವೀಂದ್ರಪ್ಪ ಜಗಳಕ್ಕೆ ಸಿದ್ಧನಾಗಿ ಬಂದಿದ್ದ, ಎದುರಿಗಿದ್ದವಳು ತಪ್ಪು ಒಪ್ಪಿಕೊಂಡು ಕೂತಿದ್ದಳು.

ಐದು ಕಡೆ ಕತ್ತರಿಸಿದಳು. ನಾಲ್ಕು ಕಡೆ ತುದಿತುದಿಗಳ ನಡುವೆ, ಒಂದು ಕಡೆ ತಂತಿ ಮೈಗೆ ಸೇರುವಲ್ಲಿ. ಕತ್ತರಿಸಿದ ತುಂಡುಗಳನ್ನು ಒಂದಕ್ಕೊಂದು ತಾಗದಂತೆ ಉಗುರಿನಿಂದ ಬಾಗಿಸಿದಳು. ಪೆಟ್ಟಿಗೆಯ ಮೈಯಿಂದ ಪ್ಲಗ್ಗಿಗೆ ಹೋಗುವ ಹಸಿರು ವೈರನ್ನು ಎಳೆದು ನೋಡಿದಳು. ಗಟ್ಟಿಯಿತ್ತು. ತಳ ಮುಚ್ಚಿ ಸ್ಕ್ರೂ ಬಿಗಿದಳು.

“ಹಚ್ಚು ಭಾಯಿ. ಐದೂ.”

ಮಕ್ಸೂದ್ ಗುಂಡಿ ಒತ್ತಿದ.

ಏನೂ ಕೇಳಿಸಲಿಲ್ಲ. ಅಡುಗೆಯವರು ಬದನೆಕಾಯಿ ಹೆಚ್ಚುವ ಸದ್ದು ಪಂಡಾಲಿನ ಆಚೆಯಿಂದ ಕೇಳಿಸಿತು. “ಕರೆಂಟ್ ಹೋಯ್ತೇನು?” ಅಂದ ಕಾಶಿರಾಯ. ಮಕ್ಸೂದ್ ಒಂದು ತಂತಿ ಮೀಟಿದ. ಸ್ವಚ್ಛ ದನಿ. ಹಸಿರು ಒತ್ತಿದ, ಬಾವಿ. ನೀಲಿ ಒತ್ತಿದ, ನೀರು. ಕೊನೆಗೆ ಉಸ್ತಾದರ ಡಬ್ಬಿಯ ಮೇಲೆ ಕಾಲಿಟ್ಟ. ಮುಂದಿನ ಸಾಲಿನ ಕುರ್ಚಿಯಿಂದ ಗುಂಡಮ್ಮ ಜಿಗಿದು ಎದ್ದಳು. “ಯಪ್ಪಾ, ಯಾರ ಅರಿವಿ ಹರೀತೋ!”

ಮಕ್ಸೂದ್ ಗಟ್ಟಿಯಾಗಿ ನಕ್ಕು, ತಾನು ಅದುವರೆಗೆ ಕೊಂಡ ಎಲ್ಲ ಎಲಿಮಿನೇಟರುಗಳ ತಂದೆತಾಯಿಯನ್ನು ಉರ್ದುವಿನಲ್ಲಿ ನೆನೆದ. ಕೀಬೋರ್ಡಿನವನು ತನ್ನ ಪಾಡಿಗೆ ತಾನು ಚಹಾ ಕುಡಿಯುವುದಕ್ಕೆ ಹೋದ.

ದೇವೀಂದ್ರಪ್ಪ ಆ ಸಂಜೆ ಮೇಜಿನ ಮಾತು ಎತ್ತಲಿಲ್ಲ. ಸೋಮವಾರ ಶೆಡ್ಡಿಗೆ ಬಂದಾಗಲೂ ಎತ್ತಲಿಲ್ಲ. ಚಂದಮ್ಮನೂ ಕೇಳಲಿಲ್ಲ. ಮೊದಲು ಗುಂಯ್ ಅಂದದ್ದು ನಿಜವಲ್ಲವೇ, ಯಾವ ಬಾಯಿಂದ ಕೇಳುವುದು? ಗೋಣಿತಟ್ಟು ಹಾಸಿ, ಬೀಜ ಸುರಿದುಕೊಂಡು ಹಾಡಿನೊಳಗೆ ಹೋದಳು.

ವಾರದ ಮೇಲೆ ಹುಮನಾಬಾದಿನಿಂದ ಶಬ್ಬೀರ್ ಅನ್ನುವ ಇನ್ನೊಬ್ಬ ಗಿಟಾರಿನವನು ಬಂದ. ಮಕ್ಸೂದ್ ಕಳಿಸಿದ್ದ. “ಐದು ಬಾಲದ ಪೆಟ್ಟಿಗಿ ಮಾಡ್ತಾರಂತಲ್ರೀ, ಇಲ್ಲೇ ಏನು?”

“ಇಲ್ಲೇ. ಕೂಡ್ರಿ, ನಮ್ಮ ಫಿಟ್ಟರ್ ಕಾಶಿರಾಯ ಮಾಡಿಕೊಡ್ತಾನ” ಅಂದ ದೇವೀಂದ್ರಪ್ಪ.

ಮಷಿನ್ನಿನ ಸದ್ದು ನಿಂತಿತು. ಚಂದಮ್ಮ ತಲೆ ಎತ್ತಲಿಲ್ಲ, ಆದರೆ ನುಡಿ ಅರ್ಧಕ್ಕೇ ನಿಂತಿತ್ತು. ಶೆಡ್ಡಿನಲ್ಲಿದ್ದವರೆಲ್ಲ ಅದನ್ನು ಗಮನಿಸಿದರು. ಹನ್ನೊಂದು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು.

ಕಾಶಿರಾಯ ಐರನ್ನನ್ನು ಸ್ಟ್ಯಾಂಡಿಗಿಟ್ಟ. “ನಾ ಮಾಡಂಗಿಲ್ರಿ ಸಾವ್ಕಾರ್ರ. ನಾ ಮೀಟರ್ ಹಚ್ಚಿ ಎಲ್ಲಾ ಫಸ್ಟ್ ಕ್ಲಾಸ್ ಅದ ಅಂದಾಂವ. ಆಮ್ಯಾಲೆ ಸುಳ್ಳ ಹೇಳು ಅಂತನೂ ಆಕಿಗಿ ಹೇಳಿದಾಂವ. ತಪ್ಪು ಹುಡುಕಿದಾಕಿ ಆಕಿ. ಐದು ಸುತ್ತು ಯಾಕ ಅಂತ ಇವತ್ತಿಗೂ ನನಗ ಪೂರಾ ತಿಳದಿಲ್ಲ.”

ಅಷ್ಟು ಹೇಳಿ ತನ್ನ ಸ್ಟೂಲನ್ನು ಮೇಜಿನ ಒಂದು ತುದಿಗೆ ಎಳೆದುಕೊಂಡ. ಕಿಟಕಿಯ ಕಡೆಯ ಅರ್ಧ ಖಾಲಿಯಾಯಿತು. ದೇವೀಂದ್ರಪ್ಪ ಖಾಲಿಯಾದ ಜಾಗವನ್ನು ನೋಡಿದ, ಗಿರಾಕಿಯನ್ನು ನೋಡಿದ, ಗೋಣಿತಟ್ಟಿನ ಕಡೆ ನೋಡಿದ.

“ಏಳವಾ, ಇನ್ನ” ಅಂದ. “ಕರ್ಯಾಕ ಬಾಜಾ ಬಾರಸಬೇಕೇನು?”

“ನುಡಿ ಮುಗೀಲಿ, ತಡೀರಿ” ಅಂದಳು ಚಂದಮ್ಮ.

ಮುಗಿಸಿ, ಬೀಜ ಎಡಕ್ಕೆ ಸರಿಸಿ, ಎದ್ದಳು.

ಆಮೇಲೆ ಆ ಅರ್ಧ ಮೇಜಿನಿಂದ ಹೈದರಾಬಾದ್, ಬೀದರ್, ಸೊಲ್ಲಾಪುರದ ಆರ್ಕೆಸ್ಟ್ರಾಗಳಿಗೆ ಎಷ್ಟೋ ಪೆಟ್ಟಿಗೆಗಳು ಹೋದವು. ಒಬ್ಬನ ಹತ್ತಿರ ಎಂಟು ಡಬ್ಬಿ ಇದ್ದವೆಂದು ಎಂಟು ಬಾಲದ್ದೂ ಹೋಯಿತು. ಎರಡು ಸಾವಿರದ ಆರರಲ್ಲಿ ಶೆಡ್ಡು ಮುಚ್ಚುವವರೆಗೂ ಒಂದು ಪೆಟ್ಟಿಗೆಯೂ ಮೈಗೆ ಅರ್ಥಿಂಗ್ ಇಲ್ಲದೆ ಗೇಟು ದಾಟಲಿಲ್ಲ. ಮಕ್ಸೂದನ ಪೆಟ್ಟಿಗೆಯ ಖಾಲಿ ಚೀಟಿಯನ್ನು ಆಕೆ ತುಂಬಿದ್ದು ಅವನು ಮುಂದಿನ ಸಲ ಬಂದಾಗ. ತಳ ಬಿಚ್ಚಿಸಿ, ಕಾಶಿರಾಯನ ಪೆನ್ನು ಇಸಿದುಕೊಂಡು, ದಪ್ಪ ಅಕ್ಷರದಲ್ಲಿ ಬರೆದಳು: “ಸುತ್ತಿದವರು, ಕಟ್ಟಿದವರು, ಕತ್ತರಿಸಿದವರು: ಚಂದಮ್ಮ, ಕಮಲಾಪುರ.”

ಗುಂಡಮ್ಮನ ಅಡಕೊತ್ತಿನ ಬಾಯಿಯಲ್ಲಿ ತಂತಿಯ ದಪ್ಪಕ್ಕೆ ಒಂದು ಕಚ್ಚು ಬಿದ್ದಿತ್ತು. ಸಾಣೆ ಹಿಡಿಸಿಕೊಂಡು ಬರುತ್ತೇನೆಂದು ಚಂದಮ್ಮ ಕೇಳಿದಾಗಲೆಲ್ಲ ಮುದುಕಿ ಕೊಡಲಿಲ್ಲ. ಮನೆಗೆ ಬಂದವರಿಗೆಲ್ಲ ಅಡಿಕೆ ಹೋಳು ಎತ್ತಿ ಹಿಡಿದು, ಅದರ ನಡುವಿನ ಗೀರು ತೋರಿಸುತ್ತಿದ್ದಳು. “ನೋಡ್ರಿ, ನಮ್ಮ ಸೊಸಿ ನನ್ನ ತವರ್ಮನಿ ಅಡಕೊತ್ತು ಹೆಂಗ ಹಾಳ ಮಾಡ್ಯಾಳ. ಕೂಡ್ರಿ, ಯಾಕ ಅಂತ ಹೇಳ್ತೀನಿ.”